ಸಂಕೇಶ್ವರದ ಖಾರ

ಗೋಕಾಕ ಮುಂಬೈ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ, ಉದ್ದವ್ವನ ಮನೆಯಲ್ಲಿ ಅದಕ್ಕಿಂತ ತೂಕದ ಪ್ರಶ್ನೆಯೊಂದು ಎದ್ದಿತ್ತು: ಚವಳಿಕಾಯಿ ಪಲ್ಯಕ್ಕೆ ಯಾರ ಖಾರದ ಪುಡಿ ಹಾಕಬೇಕು? ಗಡಿಯ ಗೆರೆ ಎಲ್ಲಿರಬೇಕೆಂದು ತಿಳಿದವರೆಲ್ಲ ಇನ್ನೂ ವಾದಿಸುತ್ತಿದ್ದರು. ಖಾರದ ವಿಷಯಕ್ಕೆ ಅಷ್ಟು ಜನ ಬೇಕಿರಲಿಲ್ಲ. ಉದ್ದವ್ವ ಒಬ್ಬಳೇ ಗೋಡೆಗೊರಗಿ ಕಾಲು ಚಾಚಿ ಕೂತು, ಇಬ್ಬರು ಸೊಸೆಯಂದಿರೂ ಒಂದೇ ಕಾಯಿಯನ್ನು ಎರಡು ಬೋಗುಣಿಯಲ್ಲಿ, ತಮ್ಮ ತಮ್ಮ ಖಾರ ಹಾಕಿ ಮಾಡಲಿ, ಮಗ ಕೇದಾರಿ ಉಂಡು ಹೇಳಲಿ ಎಂದು ಅಪ್ಪಣೆ ಮಾಡಿದಳು.

ಹಿರಿಯ ಸೊಸೆ ಸೀತವ್ವನ ಗಂಡ ತೀರಿದ್ದ, ಮಕ್ಕಳಿರಲಿಲ್ಲ. ಅಂಥವಳಿಗೆ ಆ ಮನೆಯಲ್ಲಿದ್ದ ಆಸ್ತಿಯೆಂದರೆ ಒಲೆ. ಅವಳ ಪಲ್ಯ ನಿಜಕ್ಕೂ ಒಂದೇ: ಒಗ್ಗರಣೆ ಸಿಡಿಸು, ಕಾಯಿ ಹುರಿ, ಬೇಸಿಗೆಯಲ್ಲಿ ತಾನೇ ಕುಟ್ಟಿಟ್ಟ ಬ್ಯಾಡಗಿ ಮೆಣಸಿನಕಾಯಿ, ಒಣಕೊಬ್ಬರಿಯ ಖಾರ ಹಾಕು. ಆದರೆ ಮೇಲೆ ಒಂದು ದಿನ ಗುರೆಳ್ಳ ಹಿಂಡಿ, ಅಂದರೆ ಚಟ್ನಿಪುಡಿ, ಉದುರಿಸುವಳು, ಇನ್ನೊಂದು ದಿನ ಶೇಂಗಾ ಹಿಂಡಿ, ಮತ್ತೊಂದು ದಿನ ಅಗಸಿ. ಗಿರಣಿಯಿಂದ ದಣಿದು ಬರುವ ಮೈದುನ ಕೇದಾರಿ ದಿನಾಲೂ ಹೊಸ ಪಲ್ಯವೆಂದೇ ನಂಬಿ ಉಣ್ಣುತ್ತಿದ್ದ.

ಆಮೇಲೆ ಅವನ ಹೆಂಡತಿಯಾಗಿ ಅಲ್ಲವ್ವ ಬಂದಳು, ಸಂಕೇಶ್ವರದಿಂದ, ತವರಿನ ಖಾರದ ಭರಣಿ ಬಗಲಲ್ಲಿಟ್ಟುಕೊಂಡು. ಹೊಸ ಮದುಮಗ ಮೂಗು ಸುರಿಸುತ್ತ ಉಂಡು ಅದನ್ನೇ ರುಚಿ ಎಂದ. ಅತ್ತಿಗೆಯ ಖಾರ ಸಪ್ಪೆ ಎಂದ. ಉದ್ದವ್ವ ಮಾತ್ರ ಸೀತವ್ವನೊಡನೆ ಬೇರೆ ದಾರಿಯಿಂದ ಮಾತಿಗೆ ಬಂದಳು.

"ಒಂದ ಒಲಿ ಮುಂದ ಇಬ್ರು ಕುಂತ್ರ ಹೊಗಿನ ಜಾಸ್ತಿ. ಹತ್ತರಗ್ಯಾಗ ನಿಮ್ಮ ಅಣ್ಣನ ಎಮ್ಮಿ ಈದೈತಂತ. ಅಲ್ಲಿ ಕೈ ಬೇಕಾಗಿರ್ತಾವ."

ಎಮ್ಮೆಯ ಮೇಲೆ ಅತ್ತೆಗೆ ಇಷ್ಟು ಕಕ್ಕುಲಾತಿ ಯಾಕೆಂದು ಸೀತವ್ವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಪರೀಕ್ಷೆಯ ದಿನ ಬೆಳಿಗ್ಗೆ ಅಲ್ಲವ್ವ ನೀರಿಗೆ ಹೋದಾಗ ಸೀತವ್ವ ಸಂಕೇಶ್ವರದ ಖಾರವನ್ನು ತಿಪ್ಪೆಗೆ ಸುರಿದು, ಭರಣಿಗೆ ತನ್ನ ಖಾರ ತುಂಬಿಟ್ಟಳು. ಕೇದಾರಿ ಹೆಂಡತಿಯ ಪಲ್ಯವನ್ನೇ ಹೊಗಳುತ್ತಾನೆ, ಅದು ಅವಳಿಗೆ ಗೊತ್ತು. ಹೊಗಳಲಿ. ಆಗ ಹೊಗಳಿದ್ದು ನಾಲಗೆಯೋ, ಹೆಂಡತಿಯ ಮರುಳೋ ಎಂಬುದು ಎಲ್ಲರೆದುರು ಬಯಲಾಗುತ್ತದೆ.

ಕೇದಾರಿ ಎರಡನ್ನೂ ರೊಟ್ಟಿಗೆ ಹಚ್ಚಿ ತಿಂದ. ಎರಡನೆಯ ಸಲ ಕೈ ಹೋದದ್ದು ಅಲ್ಲವ್ವನ ಬೋಗುಣಿಗೆ. ಅತ್ತಿಗೆಯ ಕಡೆ ತಿರುಗಿದ.

"ವೈನಿ, ಸಿಟ್ಟಾಗಬ್ಯಾಡ್ರಿ. ಸಂಕೇಶ್ವರದ್ದು ಸಂಕೇಶ್ವರದ್ದ."

ಉದ್ದವ್ವನೂ ಒಂದು ತುತ್ತು ತಿಂದು ತಲೆಯಾಡಿಸಿದಳು. ಸೀತವ್ವ ಸೆರಗು ಸರಿಮಾಡಿಕೊಂಡು, ಬೆಳಗಿನಿಂದ ಕೂಡಿಟ್ಟಿದ್ದನ್ನು, ಭರಣಿಯ ಖಾರ ಬದಲಿಸಿದ್ದನ್ನು, ಹೇಳಿದಳು. ಕೇದಾರಿಯ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ಉದ್ದವ್ವ ಮಾತ್ರ ಬಾಯಲ್ಲಿದ್ದದ್ದನ್ನು ಪೂರಾ ಅಗಿದು ನುಂಗಿದಳು.

"ಎರಡರಾಗೂ ನಿನ್ನ ಖಾರನ?"

"ಹೌದ್ರಿ ಅತ್ತಿ."

"ಖರೆ?"

"ಖರೇನರಿ. ಬೇಕಂದ್ರ ಭರಣಿ ನೋಡ್ರಿ."

"ಹಂಗಾರ ತಂಟೆನ ಹರೀತು. ಕಾಯಿ ಒಂದ, ಖಾರ ಒಂದ, ಒಲಿ ಒಂದ. ರುಚಿ ಮಾತ್ರ ಆಕೀದು. ಅದು ಕೈಗುಣ, ಸೀತಾ. ಅದನ್ನೇನು ಭರಣ್ಯಾಗ ತುಂಬಾಕ ಬರತೈತೇನು?"

ಕೇದಾರಿ ಮತ್ತೆ ಉಣ್ಣತೊಡಗಿದ. ಅಲ್ಲವ್ವನಿಗೆ ತಾನು ಗೆದ್ದದ್ದು ಇನ್ನೂ ತಿಳಿದಿರಲಿಲ್ಲ. ತಪ್ಪು ಮಾಡಿದವಳಂತೆ ಅವಳು ಸೀತವ್ವನ ಕಡೆ ತಿರುಗಿದಳು.

"ಮಳಿಗಾಲಕ್ಕ ಖಾರ ಮೆತ್ತಗಾಗೇತಿ ಅಂತ ತಿಳಕೊಂಡಿದ್ನಿ ಅಕ್ಕಾ. ಅದಕ ಗುರೆಳ್ಳ ಹಿಂಡಿ ಹೆಚ್ಚಿಗಿ ಹಾಕಿ ಒಂದೀಟ ಹುಣಸಿ ಹಿಂಡಿದ್ನಿ. ಸಪ್ಪಗಾದ್ರ ಹಂಗ ಮಾಡಬೇಕಂತ ನೀವ ಹೇಳಿದ್ರೆಲ್ಲಾ."

ಹೇಳಿದ್ದು ನಿಜ. ಮದುವೆಯಾಗಿ ಬಂದ ಮೊದಲ ವಾರ, ಹುಡುಗಿ ಅತ್ತೆಯ ಬೈಗುಳಕ್ಕೆ ಅಳುತ್ತಿದ್ದಾಗ ಸೀತವ್ವನೇ ಹೇಳಿಕೊಟ್ಟಿದ್ದಳು.

ಗಂಡಸು ಎದ್ದ ಮೇಲೆ ಹೆಂಗಸರು ಉಣ್ಣಲು ಕೂತರು. ಸೀತವ್ವ ತನ್ನ ಬೋಗುಣಿಯನ್ನು ಮುಚ್ಚಿಟ್ಟು ಅಲ್ಲವ್ವನದರಿಂದ ಬಡಿಸಿಕೊಂಡಳು. ಪಲ್ಯ ಚೆನ್ನಾಗಿತ್ತು. ಇನ್ನೊಂದಿಷ್ಟು ಬಡಿಸಿಕೊಂಡಳು.

ಮುಂದಿನ ಸಂತೆಯ ದಿನ ಅವಳ ಅಣ್ಣ ಬೀರಸಿದ್ದಪ್ಪ ಹತ್ತರಗಿಯಿಂದ ಬಂದು ಅವಳನ್ನು ಕರೆದುಕೊಂಡು ಹೋದ. ಅವಳು ಕುಟ್ಟಿದ ಖಾರ ಗೋಕಾಕದಲ್ಲೇ ಉಳಿಯಿತು. ದೀಪಾವಳಿಯವರೆಗೆ ಸಾಲಿತು.