ಬಲಗಿವಿಯ ಜುಮಕಿ

ಜುಮಕಿಯ ತಿರುಪು ಕೈಗೆ ಸಿಗದೆ ಶ್ರೀನಾಥ ವ್ಯಾನಿನ ಕನ್ನಡಿಗೆ ಇನ್ನಷ್ಟು ಬಗ್ಗಿದ.

"ಅಣ್ಣಾ, ಅದು ಇವತ್ತು ಬೇಡ್ರಿ," ಎಂದ ಪ್ರದೀಪ, ಹಿಂದಿನ ಬಾಗಿಲಿನಿಂದ ಸ್ಪೀಕರ್ ಇಳಿಸುತ್ತ. ಆರ್ಕೆಸ್ಟ್ರಾ ಅವನದು. "ಹೆಣ್ಣು ದನಿಗೆ ತೃಪ್ತಿ ಬಂದಾಳಲ್ಲ. ನೀವು ಗಂಡಸಿನ ಲೈನ್ ಅಷ್ಟು ನೋಡ್ಕಳ್ರಿ."

"ಗಂಡಸಿನ ಲೈನು ನೀನೇ ನನಗಿಂತ ಚಲೋ ಹಾಡ್ತಿ. ಮತ್ತೆ ನಾನ್ಯಾಕಪ್ಪ?"

ಪ್ರದೀಪ ಸ್ಪೀಕರಿನ ವೈರು ಹುಡುಕತೊಡಗಿದ. ವೈರು ಅವನ ಕೈಯಲ್ಲೇ ಇತ್ತು.

ಶ್ರೀನಾಥನಿಗೆ ಇದ್ದದ್ದು ಅದೊಂದೇ ಐಟಂ. ಹಗಲೆಲ್ಲ ಶಿಕಾರಿಪುರದ ಬಸ್‌ಸ್ಟ್ಯಾಂಡ್ ಹಿಂದೆ ಕೂತು ಜನರ ಮಿಕ್ಸಿ, ಫ್ಯಾನು ರಿಪೇರಿ ಮಾಡುವ ಮನುಷ್ಯ, ಸಂಜೆ ಸ್ಟೇಜಿನ ಮೇಲೆ ಗಂಡೂ ಆಗುತ್ತಿದ್ದ, ಹೆಣ್ಣೂ ಆಗುತ್ತಿದ್ದ. ಎಡಗೆನ್ನೆ ಜನರ ಕಡೆಗಿದ್ದರೆ ಗಂಡು. ಕತ್ತು ಹೊರಳಿಸಿ ಬಲಗೆನ್ನೆ ತೋರಿಸಿದರೆ ಕಿವಿಯಲ್ಲಿ ಹೆಂಡತಿ ಮಮತಾಳ ಜುಮಕಿ, ಬಾಯಲ್ಲಿ ಹೆಂಗಸಿನ ದನಿ. ಮದುವೆ ಮನೆಗಳಲ್ಲಿ ಶಿಳ್ಳೆ ಬೀಳುತ್ತಿದ್ದದ್ದು ಆ ಹೊರಳಿಗೆ. ಸೊರಬದ ಕಡೆಯ ಹಳ್ಳಿಗಳಲ್ಲಿ ಅವನ ಹೆಸರು ಯಾರಿಗೂ ಗೊತ್ತಿರಲಿಲ್ಲ; ‘ಎರಡು ದನಿಯವ್ರು’ ಅಂದರೆ ಎಲ್ಲರಿಗೂ ಗೊತ್ತಿತ್ತು. ಆದರೆ ವಯಸ್ಸು ಐವತ್ತು ದಾಟಿದ ಮೇಲೆ ಚರಣದ ಮೇಲಿನ ಸ್ವರಗಳು ಒಂದು ದಿನ ಸಿಕ್ಕರೆ ಇನ್ನೊಂದು ದಿನ ಸಿಗುತ್ತಿರಲಿಲ್ಲ. ಇದು ಪ್ರದೀಪನಿಗೂ ಗೊತ್ತಿತ್ತು.

ಕಾರ್ಯಕ್ರಮ ಇದ್ದದ್ದು ಕುಪ್ಪಗಡ್ಡೆಯಲ್ಲಿ, ಪಂಚಾಕ್ಷರಪ್ಪನವರ ಎಪ್ಪತ್ತೈದನೇ ಹುಟ್ಟುಹಬ್ಬಕ್ಕೆ. ಮನೆ ಮುಂದಿನ ಕಣಕ್ಕೇ ಶಾಮಿಯಾನ ಹಾಕಿದ್ದರು. ವಿಭೂತಿ ಹಚ್ಚಿ, ಪೇಟ ಸುತ್ತಿ ಕೂತಿದ್ದ ಹಿರಿಯರ ಪೇಟದ ಮೇಲೆ ಮೊಮ್ಮಕ್ಕಳು ಕಾಗದದ ಟೊಪ್ಪಿಗೆಯನ್ನೂ ಸಿಕ್ಕಿಸಿದ್ದರು. ಮೊಟ್ಟೆ ಹಾಕದ ಕೇಕು ಎಂದು ಮೈಕಿನಲ್ಲಿ ಎರಡೆರಡು ಸಲ ಹೇಳಿದ ಮೇಲೆಯೇ ನೆಂಟರು ತಟ್ಟೆಗೆ ಕೈ ಚಾಚಿದರು. ಪಕ್ಕದ ಕುರ್ಚಿಯಲ್ಲಿ ಪಂಚಾಕ್ಷರಪ್ಪನವರ ಹೆಂಡತಿ ಅಕ್ಕನಾಗಮ್ಮ. ಕಣ್ಣಿನ ಆಪರೇಷನ್ ಆಗಿ ಇನ್ನೂ ಕಪ್ಪು ಕನ್ನಡಕ ತೆಗೆದಿರಲಿಲ್ಲ.

ತೃಪ್ತಿ ಹಾಡಿದಳು. ಕಾಲೇಜು ಈಗಷ್ಟೇ ಮುಗಿಸಿದ ಹುಡುಗಿ. ದನಿ ತೊಳೆದಿಟ್ಟ ಲೋಟದ ಹಾಗಿತ್ತು. ಶ್ರೀನಾಥ ಸ್ಟೇಜಿನ ಮೂಲೆಯಲ್ಲಿ ನಿಂತು ತಾಳ ತಟ್ಟಿದ. ಜುಮಕಿ ತೆಗೆದಿರಲಿಲ್ಲ.

ಎರಡು ಹಾಡು ಮುಗಿಯುವುದರೊಳಗೆ ಪಂಚಾಕ್ಷರಪ್ಪ ಮೈಕು ಈಸಿಕೊಂಡರು. "ಹುಡುಗಿ ಚೆನ್ನಾಗಿ ಹಾಡ್ತು, ಇಲ್ಲ ಅನ್ನಲ್ಲ. ಆದ್ರೆ ನಾನು ಕರೆಸಿದ್ದು ಎರಡು ದನಿಯವ್ರನ್ನ ಮಾರಾಯ್ರೇ! ನಮ್ಮ ಮಗಳು ಶ್ರೀಲತನ ಮದುವೇಲಿ ಹಾಡಿದ್ರಲ್ಲ, ಅದೇ ಹಾಡು ಆಗ್ಬೇಕು. ಅವ್ರೊಬ್ಬರೇ ಹಾಡ್ಬೇಕು."

"ಎರಡು ದನಿ! ಎರಡು ದನಿ!" ಹಿಂದಿನ ಸಾಲಿನಿಂದ ಕೂಗು ಎದ್ದಿತು.

ಪ್ರದೀಪ ಕೀಬೋರ್ಡಿನ ಮೇಲೆ ಬಗ್ಗಿ ಪಿಸುಗುಟ್ಟಿದ. "ಶ್ರುತಿ ಒಂದು ಮನೆ ಇಳಿಸ್ಲೇನ್ರಿ?"

"ಬೇಡ. ಎಷ್ಟಿತ್ತೋ ಅಷ್ಟೇ ಇರ್ಲಿ."

ಪಲ್ಲವಿಯಲ್ಲಿ ಎಲ್ಲ ಸರಿಯಾಗಿಯೇ ನಡೆಯಿತು. ಎಡಗೆನ್ನೆ, ಗಂಡು. ಹೊರಳು, ಬಲಗೆನ್ನೆ, ಹೆಣ್ಣು. ಶಿಳ್ಳೆ ಬಿತ್ತು. ಅಡುಗೆಯವರೂ ಸೌಟು ಹಿಡಿದುಕೊಂಡೇ ಹೊರಗೆ ಬಂದರು. ಶ್ರೀನಾಥ ಪ್ರದೀಪನ ಕಡೆ ಒಮ್ಮೆ ನೋಡಿ ಹುಬ್ಬು ಹಾರಿಸಿದ. ಎರಡನೇ ಚರಣದಲ್ಲಿ ಹೆಣ್ಣು ದನಿ ಮೇಲಕ್ಕೆ ಏರುವ ಸಾಲು ಬಂತು. ಕತ್ತು ಹೊರಳಿತು, ಜುಮಕಿ ಆಡಿತು, ಗಂಟಲಿನಿಂದ ಬರೀ ಗಾಳಿ ಬಂತು.

ಆದರೆ ಹಾಡು ನಿಲ್ಲಲಿಲ್ಲ. ಹೆಂಗಸಿನ ದನಿ ಸ್ಪೀಕರಿನಲ್ಲಿ ಏರುತ್ತಲೇ ಇತ್ತು. ಡ್ರಮ್ಮಿನ ಹಿಂದೆ, ದೀಪ ಬೀಳದ ಕಡೆ, ತೃಪ್ತಿ ಕೋರಸ್ ಮೈಕನ್ನು ತುಟಿಗೆ ಒತ್ತಿ ಹಿಡಿದು, ಅವನ ದನಿಯಷ್ಟೇ ತೆಳ್ಳಗೆ, ಅವನ ಹಾಗೆಯೇ ತುಸು ಮೂಗಿನಲ್ಲಿ ಹಾಡುತ್ತಿದ್ದಳು. ಶ್ರೀನಾಥ ತುಟಿ ಆಡಿಸಿದ. ಆ ಸಾಲು ಮುಗಿಯುವವರೆಗೂ ಆಡಿಸಿದ. ಆಮೇಲಿನ ಹೆಣ್ಣಿನ ಸಾಲುಗಳಿಗೂ ತುಟಿ ಮಾತ್ರ ಅವನದು.

ಚಪ್ಪಾಳೆ ನಿಲ್ಲುವ ಮೊದಲೇ ಪಂಚಾಕ್ಷರಪ್ಪ ಹೆಂಡತಿಯ ಕೈಹಿಡಿದು ಸ್ಟೇಜಿಗೆ ಬಂದು ಶಾಲು ಹೊದಿಸಿದರು. "ಅದೇ ದನಿ! ಚೂರೂ ಬದಲಾಗ್ಲಿಲ್ಲ ನೋಡಿ. ನಮಗೆ ವಯಸ್ಸಾಯ್ತು, ಇವ್ರ ಗಂಟಲಿಗೆ ಆಗ್ಲಿಲ್ಲ!"

ಅಕ್ಕನಾಗಮ್ಮ ಸೇಬು ಇಟ್ಟಿದ್ದ ತಟ್ಟೆಯನ್ನು ಅಂದಾಜಿನ ಮೇಲೆ ಮುಂದೆ ಚಾಚಿದರು. "ಚೆನ್ನಾಗಿತ್ತಪ್ಪ. ಕಡೇಲಿ ಹಾಡಿದ್ಲಲ್ಲ, ಆ ಹುಡುಗಿ ಯಾರು? ಅವಳನ್ನೂ ಕರೀರಿ."

"ಅಯ್ಯೋ, ಈ ಹಾಡಲ್ಲಿ ಯಾವ ಹುಡುಗೀನೂ ಇಲ್ಲ ಕಣೇ! ಇವ್ರೊಬ್ರೇ ಹಾಡಿದ್ದು. ಕನ್ನಡಕ ಹಾಕ್ಕಂಡು ನಿಂಗೇನು ಕಾಣುತ್ತೆ?"

"ಕಾಣಲ್ಲ, ಸರಿ," ಎಂದರು ಆಕೆ. "ಕಿವಿ ಅದೆಯಲ್ಲ."

ಮುಂದಿನ ಸಾಲಿನವರು ನಕ್ಕರು. ಪಂಚಾಕ್ಷರಪ್ಪನವರೂ ನಕ್ಕರು. ಪ್ರದೀಪ ಕೀಬೋರ್ಡಿನ ಕಡೆ ತಿರುಗಿಕೊಂಡ. ತಟ್ಟೆ ಇನ್ನೂ ಚಾಚಿಯೇ ಇತ್ತು. ಶ್ರೀನಾಥ ಸೇಬು ತೆಗೆದುಕೊಂಡ. ಅದನ್ನು ಹಿಡಿದುಕೊಂಡೇ ಡ್ರಮ್ಮಿನ ಹಿಂದೆ ಹೋದ.

"ತಗ," ಎಂದ. "ಅಜ್ಜಿ ಕೊಟ್ಟಾರೆ."

"ಅಣ್ಣಾ, ನಿಲ್ಬಾರ್ದು ಅಂತ ಹಾಡಿದೆ ಅಷ್ಟೇ. ಬೇಜಾರಾಗಬ್ಯಾಡ್ರಿ."

"ಮೂಗಿನಾಗೆ ಹಾಡಿದ್ಯಲ್ಲ, ಅದ್ಯಾಕೆ?"

"ನೀವು ಹಂಗೇ ಹಾಡೋದು."

ಶ್ರೀನಾಥನಿಗೆ ಅದು ಗೊತ್ತಿರಲಿಲ್ಲ. ಜುಮಕಿಯ ತಿರುಪು ಬಿಚ್ಚಿದ. ಹಾಕಿಕೊಳ್ಳುವಾಗ ಸತಾಯಿಸಿದ್ದು ಈಗ ಸಲೀಸಾಗಿ ಬಂತು. ಜೇಬಿಗೆ ಹಾಕಿಕೊಂಡ. ತನ್ನ ಮೈಕನ್ನು ಅವಳ ಕೈಗೆ ಕೊಟ್ಟು, ಕೋರಸ್ ಮೈಕು ತಾನು ತೆಗೆದುಕೊಂಡ.

"ಮುಂದೆ ಬಂದು ನಿಂತ್ಕ. ಮೂಗಿನಾಗೆ ಬ್ಯಾಡ, ನಿನ್ನ ದನೀಲೇ ಹಾಡು."

ಪ್ರದೀಪ ಮುಂದಿನ ಯುಗಳಗೀತೆ ಎತ್ತಿದ. ಶ್ರೀನಾಥ ಎಡಗೆನ್ನೆ ಜನರ ಕಡೆ ಮಾಡಿ ಗಂಡಸಿನ ಸಾಲು ಹಾಡಿ ಮುಗಿಸಿದ. ಹೆಣ್ಣಿನ ಸಾಲನ್ನು ತೃಪ್ತಿ ಎತ್ತಿಕೊಂಡಳು. ಆ ಕ್ಷಣಕ್ಕೆ ಸರಿಯಾಗಿ ಅವನ ಕತ್ತು ತಾನಾಗಿ ಹೊರಳಿ, ಜುಮಕಿಯಿಲ್ಲದ ಬಲಗಿವಿ ಸಾಲು ಮುಗಿಯುವವರೆಗೂ ಜನರ ಕಡೆಗೇ ಇತ್ತು.