ಕಿವಿ ಮೇಷ್ಟ್ರ ಸುಣ್ಣದ ಗೀಟು

ನಿಮ್ಮ ಅಡುಗೆಮನೆಯಲ್ಲಿ ಹಳೇ ಪಿತ್ತಳೆ ಕುಟ್ಟಾಣಿ ಇದ್ದರೆ ಒಮ್ಮೆ ಬೋರಲು ಹಾಕಿ ನೋಡಿ. ತಳದ ನಡುವೆ ದುಂಡಗೆ ಬೆಸುಗೆ ಹಾಕಿದ ಗುರುತು ಕಂಡರೆ ಅದು ನಮ್ಮ ಶೆಡ್ಡಿನದೇ ಇರಬಹುದು. ಅದು ಹುಟ್ಟುವಾಗ ಕುಟ್ಟಾಣಿಯಾಗಿರಲಿಲ್ಲ. ಗುಡ್ಡದಾಚೆ ಸೈನ್ಯದವರು ಫಿರಂಗಿ ಹಾರಿಸುವುದನ್ನು ಕಲಿಯುವ ಬಯಲಿದೆ. ಅಲ್ಲಿ ಬಿದ್ದ ತೋಟಾಗಳ ಖಾಲಿ ಚಿಪ್ಪನ್ನು ಗುಜರಿಯವನು ಚೀಲದಲ್ಲಿ ತುಂಬಿಕೊಂಡು ಬರ್ತಿದ್ದ. ನಾವು ಕೊಯ್ದು, ಉಜ್ಜಿ, ಕುಟ್ಟಾಣಿ, ಹೂದಾನಿ ಮಾಡ್ತಿದ್ದೆವು. "ಎಷ್ಟು ಗಟ್ಟಿ ಇದೆಯಮ್ಮಾ, ಯಾವ ಕಂಪನಿದು?" ಅಂತ ಹೆಂಗಸರು ಕೇಳೋರು. ಮನುಷ್ಯರನ್ನೇ ಕುಟ್ಟೋಕೆ ಮಾಡಿದ್ದು ಕಣಕ್ಕಾ ಅಂತ ನಾಲಿಗೆ ತುದಿಗೆ ಬರೋದು. ನುಂಗಿಕೊಂಡು ಮಾರಿ ಬರ್ತಿದ್ದೆ.

ಶೆಡ್ಡಲ್ಲಿ ಇದ್ದವರು ಮೂರೇ ಜನ. ಮಾವ ಚಿಪ್ಪು ಬಡಿದು ನೋಡೋರು, ನಮ್ಮನೆಯವರು ಮೆಷಿನ್ನಲ್ಲಿ ಕೊಯ್ಯೋರು, ನಾನು ಅಂಚು ಉಜ್ಜಿ ಪಾಲಿಶ್ ಮಾಡ್ತಿದ್ದೆ. ಬಂದ ಚಿಪ್ಪಿನ ಬಾಯಿ ನಜ್ಜುಗುಜ್ಜಾಗಿ ಮಣ್ಣು ಮೆತ್ತಿಕೊಂಡಿರ್ತಿತ್ತು, ಒಳಗೇನಿದೆ ಅಂತ ಕಾಣ್ತಿರಲಿಲ್ಲ. ಅದಕ್ಕೇ ಮಾವ ಮರದ ಕೊಡತಿಯಿಂದ ಮೆಲ್ಲಗೆ ಬಡಿದು ಕಿವಿಗೆ ಹಿಡಿಯೋರು. ಖಾಲಿ ಇದ್ದರೆ ಗಂಟೆ ಹಾಗೆ ಎಳೆದು ಮೊಳಗುತ್ತೆ, ತಳದಲ್ಲಿ ಮದ್ದು ಉಳಿದಿದ್ದರೆ ಟಪ್ಪಂತ ಸತ್ತ ದನಿ. ಮೊಳಗಿದ್ದಕ್ಕೆ ಸೀಮೆಸುಣ್ಣದಲ್ಲಿ ಒಂದು ಗೀಟು. ಗೀಟಿಲ್ಲದ್ದು ಗುಜರಿಯವನಿಗೆ ಮರಳಿ ಕೊಡೋ ವಾಪಸ್ ಚೀಲಕ್ಕೆ. ಮೂವತ್ತು ವರ್ಷದಲ್ಲಿ ಒಂದೂ ತಪ್ಪಿರಲಿಲ್ಲ. ಬೀದಿಯವರೆಲ್ಲ ಅವರನ್ನ ಕಿವಿ ಮೇಷ್ಟ್ರು ಅಂತಲೇ ಕರೆಯೋರು, ಅವರಿಗೂ ಅದು ಹೆಮ್ಮೆ. ಅವರು ಬಡಿದದ್ದನ್ನ ಇನ್ನೊಬ್ಬರು ಬಡಿದು ನೋಡುವ ಹಾಗಿಲ್ಲ, ನೋಡಿದರೆ ಮುಖಕ್ಕೆ ಉಗಿದ ಹಾಗೆ. ನಮ್ಮನೆಯವರು ಮಾತ್ರ ಕೊಯ್ಯುವ ಮುಂಚೆ ಅಪ್ಪನಿಗೆ ಕಾಣದ ಹಾಗೆ ಪ್ರತಿ ಚಿಪ್ಪನ್ನೂ ಕೈಯಲ್ಲಿ ತೂಗಿ, ಒಳಗೆ ಮದ್ದು ಅಲ್ಲಾಡುತ್ತಾ ಅಂತ ಕುಲುಕೋರು.

ಒಂದಿನ ನನ್ನ ಕೈ ಜಾರಿ ಕಬ್ಬಿಣದ ಬಾಣಲೆ ಮಾವನ ಬೆನ್ನ ಹಿಂದೆಯೇ ಬಿತ್ತು. ಪಕ್ಕದ ಮನೆಯವಳು ಓಡಿ ಬಂದಳು. ಮಾವ ತಿರುಗಿಯೂ ನೋಡಲಿಲ್ಲ, ಪಂಚೆಯ ಅಂಚಲ್ಲಿ ಕನ್ನಡಕ ಒರೆಸಿಕೊಂಡು ಕೂತಿದ್ದರು. ಅವಳು ಹೋದ ಮೇಲೆ ಹಿಂದೆ ನಿಂತು, "ಮಾವಾ, ಮನೆಗೆ ಬೆಂಕಿ ಬಿದ್ದಿದೆ" ಅಂದೆ. ಕನ್ನಡಕಕ್ಕೆ ಊದಿ ಮತ್ತೆ ಒರೆಸಿದರು.

ನಮ್ಮನೆಯವರಿಗೆ ಹೇಳಿದರೆ, "ಬಾಯ್ಮುಚ್ಚೇ! ಆ ಕಿವಿ ನಮಗೆ ಅನ್ನ ಹಾಕಿದೆ" ಅಂತ ಹರಿಹಾಯ್ದರು. ಆಮೇಲೆ ತಲೆ ತಗ್ಗಿಸಿ, "ನಂಗೂ ಅನುಮಾನ ಇತ್ತು ಕಣೇ. ಹೇಳಿದ್ರೆ ಅಪ್ಪ ಬದುಕೋದಿಲ್ಲ" ಅಂದರು.

"ನೀವು ಬದುಕಬೇಕಲ್ಲ?"

ಕೊನೆಗೆ ದಾರಿ ಹುಡುಕಿದವಳು ನಾನೇ, ಅತಿಬುದ್ಧಿವಂತೆ! ಮಧ್ಯಾಹ್ನ ಊಟವಾದ ಮೇಲೆ ಮಾವ ಒಂದು ತಾಸು ಮಲಗೋರು. ಆಗ ಗೀಟು ಬಿದ್ದ ಚಿಪ್ಪನ್ನೆಲ್ಲ ನಾನು ಇನ್ನೊಮ್ಮೆ ಬಡಿದು ನೋಡೋದು. ಸತ್ತ ದನಿ ಬಂದರೆ ಒದ್ದೆ ಬಟ್ಟೆಯಿಂದ ಗೀಟು ಒರೆಸಿ ವಾಪಸ್ ಚೀಲಕ್ಕೆ ಹಾಕೋದು. ನನ್ನ ಬಡಿತ ಮುಗಿಯುವವರೆಗೆ ಹೊಸ ಗೀಟಿನದ್ದನ್ನ ಮೆಷಿನ್ನಿಗೆ ಕೊಡೋದಿಲ್ಲ. ಮಾವನ ಮರ್ಯಾದೆಯೂ ಉಳೀತು, ಗಂಡನ ಜೀವವೂ ಉಳೀತು ಅಂದುಕೊಂಡೆ.

ನಾಲ್ಕು ತಿಂಗಳಲ್ಲಿ ಹನ್ನೊಂದು ಸಿಕ್ಕವು. ಹನ್ನೊಂದು! ಒಂದೊಂದು ಸಿಕ್ಕಾಗಲೂ ಭಯದ ಜೊತೆಗೆ ಒಂದು ಬಗೆಯ ಜಂಬವೂ ಬರೋದು. ನಮ್ಮನೆಯವರಂತೂ ಚಿಪ್ಪು ಕುಲುಕಿ ನೋಡುವುದನ್ನೇ ಬಿಟ್ಟರು. "ಇಬ್ಬಿಬ್ಬರು ಕೇಳಿದ ಮೇಲೆ ನಂದೇನಿದೆ?" ಅಂತ ನಗೋರು. ನಾನೂ ನಕ್ಕೆ. ಆ ನಗು ನೆನೆಸಿಕೊಂಡರೆ ಈಗ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತೆ.

ಅವತ್ತು ಬೆಳಿಗ್ಗೆ ನಾನು ಮಾರಲು ಹೋಗಿದ್ದೆ. ಹಿಂದಿನ ದಿನ ಪಾಸಾದ ಆರು ಚಿಪ್ಪು ಕೊಯ್ಯಲು ಇಟ್ಟಿದ್ದೆ, ಒಂದನ್ನ ಒರೆಸಿ ವಾಪಸ್ ಚೀಲಕ್ಕೆ ಹಾಕಿದ್ದೆ. ಎರಡನೇ ಬೀದಿಯಲ್ಲಿ ಒಬ್ಬಾಕೆ ಹೂದಾನಿ ನೋಡ್ತಿದ್ದಾಗ ದೊಡ್ಡ ಸದ್ದು ಬಂತು. "ಟ್ರಾನ್ಸ್‌ಫಾರ್ಮರ್ ಹೋಯ್ತು ಅನಿಸುತ್ತೆ" ಅಂದಳು ಆಕೆ. ನಾನು ಬುಟ್ಟಿ ಅಲ್ಲೇ ಬಿಟ್ಟು ಓಡಿದೆ. ನಮ್ಮ ಶೆಡ್ಡಿನ ತಗಡು ರಸ್ತೆಯಲ್ಲಿ ಬಿದ್ದಿತ್ತು.

ಆಸ್ಪತ್ರೆಯಲ್ಲಿ ನಮ್ಮನೆಯವರನ್ನ ನೋಡ್ತಿದ್ದ ಡಾಕ್ಟರಮ್ಮ ಹೊರಗೆ ಬಂದು ಮಾಸ್ಕ್ ತೆಗೆದರು. ಅವರು ಬಾಯಿ ಬಿಡುವ ಮುಂಚೆಯೇ ನನಗೆ ಗೊತ್ತಾಯಿತು. ಅಯ್ಯೋ ದೇವರೇ, ನನ್ನನ್ನ ಯಾಕೆ ಉಳಿಸಿದೆ ಅಂತ ಗೋಡೆಗೆ ತಲೆ ಚಚ್ಚಿಕೊಂಡೆ. ಯಾರೋ ಎಳೆದು ಬೆಂಚಿನ ಮೇಲೆ ಕೂರಿಸಿದರು.

ಪಕ್ಕದಲ್ಲಿ ಮಾವ ಇದ್ದರು. ತಲೆಗೆ ಬ್ಯಾಂಡೇಜು, ಬೆರಳಿಗೆ ಇನ್ನೂ ಸುಣ್ಣ ಮೆತ್ತಿತ್ತು. ನನ್ನ ಕಡೆ ನೋಡದೆಯೇ ಹೇಳತೊಡಗಿದರು.

"ಸಿಡಿದದ್ದು ನಿನ್ನೆ ನಾನು ಪಾಸು ಮಾಡಿದ್ದೇ ತಾಯಿ. ಕತ್ತಿನ ಹತ್ರ ಒಂದು ತಗ್ಗಿತ್ತು, ಗುರುತು ಸಿಕ್ತು. ಬೆಳಿಗ್ಗೆ ನೋಡ್ತೀನಿ, ವಾಪಸ್ ಚೀಲದಲ್ಲಿ ಬಿದ್ದಿದೆ, ಗೀಟಿಲ್ಲ. ಗೀಟು ಹಾಕೋದೇ ಮರೆತೆ, ನನ್ನ ಮರೆವಿಗಿಷ್ಟು ಅಂದ್ಕೊಂಡೆ. ಇನ್ನೊಂದು ಗೀಟು ಎಳೆದು, ನೀನು ಇಟ್ಟಿದ್ದರ ಜೊತೆ ಸೇರಿಸಿದೆ." ಸುಣ್ಣದ ಬೆರಳನ್ನೇ ನೋಡಿಕೊಂಡರು. "ಎಳೆದಿದ್ದು ನೆನಪಿದೆಯಲ್ಲ. ಮತ್ತೆ ಗೀಟು ಹೆಂಗೆ ಹೋಯ್ತು?"

ಸುಳ್ಳು ಹೇಳಬಹುದಿತ್ತು. ಸುಳ್ಳು ಹೇಳಿದ್ದರೆ ಆ ಮುದುಕರು ಸಾಯುವವರೆಗೂ ತಮ್ಮನ್ನೇ ಕೊಲೆಗಾರ ಅಂದುಕೊಳ್ಳೋರು.

"ನಾನು ಒರೆಸಿದೆ ಮಾವ."

"ಏನಂದೆ?"

"ನಾನೇ ಒರೆಸಿದ್ದು."

ಅವರು ನನ್ನ ಬಾಯಿಯನ್ನೇ ನೋಡ್ತಾ ಕೈಯನ್ನ ಕಿವಿಗೆ ಒಡ್ಡಿದರು. ಹಾಗೆ ಒಡ್ಡಿದ್ದನ್ನ ನಾನು ಯಾವತ್ತೂ ನೋಡಿರಲಿಲ್ಲ. ಮೂರನೇ ಸಲ ಕಿರುಚಿದೆ. ನರ್ಸು ಓಡಿ ಬಂದಳು. ಬೆಂಚಿನ ಮೇಲಿದ್ದ ಬೀದಿಯ ಜನರೆಲ್ಲ ನನ್ನ ಕಡೆ ತಿರುಗಿದರು.

ಈ ಸಲ ಮಾವನಿಗೆ ತಿಳಿಯಿತು. ಕೋಪ ಬರಲಿಲ್ಲ. ಮಗುವಿನ ಹಾಗೆ ಕಣ್ಣು ಬಿಟ್ಟುಕೊಂಡು ಕೇಳಿದರು:

"ಯಾಕೆ ತಾಯಿ? ನಾನು ಬಡಿದು ನೋಡಿದ್ನಲ್ಲ?"

"ನಿಮಗೆ ಕಿವಿ ಕೇಳಲ್ಲ ಮಾವ!"

ಅದನ್ನೂ ಎಲ್ಲರೆದುರು ಎರಡು ಸಲ ಕೂಗಿ ಹೇಳಬೇಕಾಯಿತು.