ಮಡಚಿಟ್ಟ ಪುಟ

ಹಾನಗಲ್ಲಿನ ಖಾಸಗಿ ಶಾಲೆಯೊಂದರಲ್ಲಿ ಗಣಿತ ಕಲಿಸುವ ಶೈಲಶ್ರೀಗೆ ಒಂದು ವರ್ಷದಿಂದ ಬೆಳಗ್ಗೆ ಏಳುವುದೇ ಬೇಡವೆನಿಸುತ್ತಿತ್ತು. ಪಾಠದ ನಡುವೆ ಸುಮ್ಮಸುಮ್ಮನೆ ಕಣ್ಣು ತುಂಬುತ್ತಿದ್ದವು. ಮನೆಯಲ್ಲಿ ಸಣ್ಣ ಮಾತಿಗೂ ಸಿಡುಕುತ್ತಿದ್ದಳು. ಯಾಕೆಂದು ಕೇಳಿದರೆ ಹೇಳಲು ಅವಳ ಬಳಿ ಏನೂ ಇರಲಿಲ್ಲ. ಕೊನೆಗೆ ಭತ್ತದ ವ್ಯಾಪಾರ ಮಾಡುವ ಗಂಡ ಬಸವೇಶನೇ ಅವಳನ್ನು ಶಿಗ್ಗಾಂವದ ಆಪ್ತಸಮಾಲೋಚಕಿ ಚಾಂದಬಿಯವರ ಬಳಿ ಕರೆದೊಯ್ದ.

ಆಮೇಲೆ ಪ್ರತಿ ಶನಿವಾರ ಶಾಲೆ ಬಿಟ್ಟಮೇಲೆ ಬಸ್ಸು ಹಿಡಿದು ಒಬ್ಬಳೇ ಹೋಗತೊಡಗಿದಳು. ದಿನವೂ ಮನಸ್ಸು ಹೇಗಿತ್ತೆಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದು ತರಲು ಚಾಂದಬಿ ಹೇಳಿದ್ದರು. "ನನಗ ತೋರಸಬಾರದು ಅನಿಸಿದ ಪುಟ ಮಡಚಿಬಿಡ್ರಿ. ಮಡಚಿದ್ದನ್ನ ನಾ ತೆರಿಯೂದಿಲ್ಲ."

'ಊಟ ಮಾಡುವಾಗ ಇವರು ಫೋನು ನೋಡುತ್ತಾರೆ' ಎಂದು ಶೈಲಶ್ರೀ ಬರೆದಳು. ಎರಡೇ ದಿನಕ್ಕೆ ಬಸವೇಶ ಫೋನನ್ನು ಪಡಸಾಲೆಯಲ್ಲಿಟ್ಟು ಊಟಕ್ಕೆ ಬಂದ. ಚಿಕ್ಕವಳಿದ್ದಾಗ ಅಪ್ಪನ ಜೊತೆ ರಟ್ಟೀಹಳ್ಳಿಯ ಗುಡಿಯಲ್ಲಿ ಕಳೆದ ಮಧ್ಯಾಹ್ನವೊಂದರ ಬಗ್ಗೆ ಬರೆದಳು. ಆ ಭಾನುವಾರವೇ ಬಸವೇಶ "ನಡಿ, ರಟ್ಟೀಹಳ್ಳಿಗೆ ಹೋಗಿ ಬರೂಣು" ಎಂದ.

"ಹದಿಮೂರು ವರ್ಷ ಆದಮ್ಯಾಲೆ ಅವರಿಗೆ ನನ್ನ ಮನಸ್ಸು ತಿಳ್ಯಾಕತ್ತೇತ್ರಿ" ಎಂದು ಅವಳು ಚಾಂದಬಿಯವರಿಗೆ ನಗುತ್ತ ಹೇಳಿದಳು. "ನಾ ಬಾಯಿ ಬಿಡೂದೇ ಬ್ಯಾಡ."

ಆ ತಿಂಗಳು ತರಗತಿಯಲ್ಲಿ ಅವಳ ಕಣ್ಣು ತುಂಬಲಿಲ್ಲ.

ಒಂದು ಸಂಜೆ ಗಂಡಹೆಂಡತಿ ನೆರೆಮನೆಯ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಹೋಗಿಬಂದರು. ಶೈಲಶ್ರೀ ಸೀರೆಯನ್ನೂ ಬದಲಿಸದೆ ಕುಳಿತಿದ್ದುದನ್ನು ಕಂಡು ಬಸವೇಶ ಪಕ್ಕದಲ್ಲಿ ಕುಳಿತ.

"ನಮ್ಮ ಮೊದಲ್ನೇದು ಹೊಟ್ಟ್ಯಾಗ ನಿಲ್ಲಲಿಲ್ಲ. ಆವಾಗ ನಿನಗ ಹಗುರ ಅನಿಸ್ತು. ಅದೇನು ಪಾಪ ಅಲ್ಲ ಬಿಡು" ಎಂದ.

ಶೈಲಶ್ರೀ ತಿರುಗಿ ಅವನ ಮುಖ ನೋಡಿದಳು. ಆಗ ಮನೆಯವರೆಲ್ಲ ಅತ್ತಿದ್ದರು, ಅವಳೂ ಅತ್ತಿದ್ದಳು. ಆದರೆ ಒಳಗೊಳಗೇ, ಇನ್ನು ಬಿ.ಎಡ್. ಮುಗಿಸಬಹುದು ಎನಿಸಿತ್ತು. ಅದನ್ನು ಅವ್ವನಿಗೂ ಹೇಳಿರಲಿಲ್ಲ. ಒಂದೇ ಒಂದು ಸಲ ಬರೆದು, ಪುಟ ಮಡಚಿದ್ದಳು.

ಶನಿವಾರ ಶಿಗ್ಗಾಂವಕ್ಕೆ ಹೋದವಳು ಕುರ್ಚಿಯಲ್ಲಿ ಕೂರಲೂ ಇಲ್ಲ.

"ಮಡಚಿದ್ದನ್ನ ತೆರಿಯೂದಿಲ್ಲ ಅಂದಿದ್ರಿ. ತೆರದು ಅವರಿಗೂ ಹೇಳೀರಲ್ಲ?"

ಚಾಂದಬಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. "ನಾ ಹೇಳಿಲ್ರಿ. ಆ ಪುಟದಾಗ ಏನೈತಿ ಅನ್ನೂದೇ ನನಗ ಗೊತ್ತಿಲ್ಲ." ಆಮೇಲೆ ಕೇಳಿದರು, "ನೋಟ್‌ಬುಕ್ ಮನ್ಯಾಗ ಎಲ್ಲಿ ಇಡ್ತೀರಿ?"

"ಕಪಾಟಿನ್ಯಾಗ, ಸೀರಿ ಕೆಳಗ" ಎಂದವಳೇ ಶೈಲಶ್ರೀ ಬಾಗಿಲತ್ತ ತಿರುಗಿದಳು.

ಹಾನಗಲ್ಲಿಗೆ ಮರಳುವ ಬಸ್ಸಿನಲ್ಲಿ ಒಂದೊಂದೇ ನೆನಪಾಯಿತು. ಫೋನು, ರಟ್ಟೀಹಳ್ಳಿ, ತಿನ್ನುವ ಆಸೆಯಾಗಿದೆ ಎಂದು ಬರೆದಾಗ ಅವನು ಸವಣೂರಿನಿಂದ ಕಟ್ಟಿಸಿಕೊಂಡು ಬಂದ ಖಾರದ ತಿಂಡಿ. ಎಲ್ಲವೂ ಅವಳು ಬರೆದ ಮರುದಿನವೋ ಅದರಾಚೆಗಿನ ದಿನವೋ ನಡೆದಿದ್ದವು.

ಮನೆಗೆ ಬಂದು ಕೇಳಿದಾಗ ಬಸವೇಶ ಅಲ್ಲಗಳೆಯಲಿಲ್ಲ. "ಓದೇನಿ. ನೀ ಏನೂ ಹೇಳೂದಿಲ್ಲ, ನನಗ ಹೆದರಿಕಿ ಆಗಿತ್ತು. ಓದಿ ಕೆಟ್ಟದ್ದೇನು ಮಾಡಿದೆ? ನೀ ನಗಲಿಲ್ಲೇನು?"

"ನಕ್ಕೆ. ನಿಮಗ ತಾನಾಗೇ ತಿಳೀತು ಅಂತ ನಕ್ಕೆ." ಅವಳು ನೋಟ್‌ಬುಕ್ಕನ್ನು ಅವನ ಮುಂದಿಟ್ಟಳು. "ಆ ಮಡಚಿದ ಪುಟ ಬಿಚ್ಚುವಾಗ ಏನೂ ಅನಿಸಲಿಲ್ಲೇನ್ರಿ?"

"ಮತ್ತ ಹಂಗ ಮಡಚಿಟ್ಟಿದ್ನಲ್ಲ" ಎಂದ ಬಸವೇಶ.

ಅವನಿಗೆ ಅದು ತಪ್ಪೆಂದೇ ಅನಿಸಿರಲಿಲ್ಲ. ಶೈಲಶ್ರೀ ಎದ್ದು ಒಳಗೆ ಹೋದಳು. ಅವನು ಮೋಸಕ್ಕೆಂದು ಓದಿರಲಿಲ್ಲ ಎಂಬುದು ಅವಳಿಗೂ ಗೊತ್ತಿತ್ತು. ಆದರೂ ಇಡೀ ತಿಂಗಳಿನ ಸಂತೋಷವನ್ನು ಯಾರೋ ಕಸಿದುಕೊಂಡಂತಾಗಿತ್ತು. ಆ ವಾರ ಅವನು ಮಲ್ಲಿಗೆ ತಂದಾಗ, ಮಲ್ಲಿಗೆಯ ಬಗ್ಗೆ ಎಲ್ಲಾದರೂ ಬರೆದಿದ್ದೆನೇ ಎಂದು ಮೊದಲು ಯೋಚಿಸಿದಳು. ಬರೆದಿರಲಿಲ್ಲ. ಆದರೂ ಮುಡಿಯಲಿಲ್ಲ.

ಮುಂದಿನ ಶನಿವಾರ ಏನೂ ಬರೆಯದೆ ಹೋದಳು. ಕಳೆದ ವಾರದ ಮಾತಿಗೆ ಕ್ಷಮೆ ಕೇಳಿದಳು. ಆಮೇಲೆ ನಿಲ್ಲದ ಕೂಸಿನ ಬಗ್ಗೆ, ಆ ಹಗುರದ ಬಗ್ಗೆ ಮೊದಲ ಸಲ ಬಾಯಿಬಿಟ್ಟು ಹೇಳಿದಳು. ಹೇಳಿ ಮುಗಿಸಲು ಅರ್ಧ ಗಂಟೆ ಹಿಡಿಯಿತು. ಚಾಂದಬಿ ಪೂರ್ತಿ ಕೇಳಿಸಿಕೊಂಡರು.

ಹಾನಗಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಬಸವೇಶ ಗಾಡಿ ತಂದು ಕಾಯುತ್ತಿದ್ದ.

"ಏನು ಮಾತಾಡಿದ್ರಿ ಇವತ್ತು?" ಎಂದು ಕೇಳಿದ.

"ಹೇಳೂದಿಲ್ಲ."

ಅವನು ಮತ್ತೆ ಕೇಳಲಿಲ್ಲ. ಶೈಲಶ್ರೀ ಹಿಂದೆ ಹತ್ತಿ, ಅವನ ಹೆಗಲ ಮೇಲೆ ಕೈಯಿಡದೆ ಸೀಟಿನ ಕಂಬಿ ಹಿಡಿದು ಕುಳಿತಳು.